ಹಾಡಿಗೆ ಅಂಕಿತ ಹಾಕದ ಪಾದ್ರಿ: ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ

ನಮ್ಮ ರಾಜ್ಯದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲಿ ಆ ಹಾಡನ್ನು ಕೇಳದವರು ವಿರಳ. ಸ್ವಾತಂತ್ರ್ಯ ದಿನಾಚರಣೆಯ ಮೈದಾನದಲ್ಲಿ, ಎನ್ನೆಸ್ಸೆಸ್ ಶಿಬಿರದ ಕೊನೆಯ ರಾತ್ರಿಯಲ್ಲಿ, ಕಾರ್ಮಿಕರ ಮೆರವಣಿಗೆಯಲ್ಲಿ, ದಲಿತ ಚಳವಳಿಯ ವೇದಿಕೆಯಲ್ಲಿ ಕೈಗೆ ಕೈ ಬೆಸೆದು ಹಾಡಿದ ಹಾಡು ಅದು. ಗೆಲುವು ಇಂದಲ್ಲದಿದ್ದರೂ ಮುಂದೆ ನಮ್ಮದೇ ಎಂಬ ಭರವಸೆಯ ಆ ಗೀತೆಯ ಇಂಗ್ಲಿಷ್ ಮೂಲ ವಿ ಶಲ್ ಓವರ್‌ಕಮ್. ಹಿಂದಿಗೆ ಅದನ್ನು ತಂದವರು ಕವಿ ಗಿರಿಜಾ ಕುಮಾರ್ ಮಾಥುರ್. ಕನ್ನಡದಲ್ಲಂತೂ ಅದು ಯಾರದೋ ಅನುವಾದ ಎಂಬುದೇ ಮರೆತುಹೋಗುವಷ್ಟು ನಮ್ಮದಾಗಿಬಿಟ್ಟಿದೆ.

ಈ ಹಾಡಿನ ಬೇರನ್ನು ಹುಡುಕಿಕೊಂಡು ಹೋದವರಲ್ಲಿ ಅನೇಕರು ಬಂದು ನಿಲ್ಲುವುದು ಅಮೆರಿಕದ ಫಿಲಡೆಲ್ಫಿಯಾ ನಗರದ ಒಬ್ಬ ಪಾದ್ರಿಯ ಮುಂದೆ. ಅವರು ಚಾರ್ಲ್ಸ್ ಆಲ್ಬರ್ಟ್ ಟಿಂಡ್ಲಿ. ಕಸ ಗುಡಿಸಿದ ಚರ್ಚಿಗೇ ಮುಂದೆ ಗುರುವಾಗಿ ಬಂದವರು, ಸಾವಿರಾರು ಮಂದಿಯ ಸಭೆಯನ್ನು ಮೂರು ದಶಕಗಳ ಕಾಲ ನಡೆಸಿದವರು, ಆ ಸಭೆಗಾಗಿ ನಲವತ್ತೈದಕ್ಕೂ ಹೆಚ್ಚು ಹಾಡುಗಳನ್ನು ಕಟ್ಟಿದವರು. ಗ್ರಾಮಫೋನ್ ತಟ್ಟೆಗಳು ಕಪ್ಪು ಜನರ ಭಕ್ತಿಸಂಗೀತವನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಹಿಡಿದಿಟ್ಟಾಗ ಅವುಗಳ ಪೈಕಿ ಟಿಂಡ್ಲಿಯವರ ಹಾಡುಗಳೂ ಇದ್ದವು. ಆದರೆ ಹಾಡು ಹೋದ ಕಡೆಗೆಲ್ಲ ಹೆಸರು ಹೋಗಲಿಲ್ಲ.

ಟಿಂಡ್ಲಿ ಜನಿಸಿದ್ದು 1851ರ ಜುಲೈ 7ರಂದು, ಮೇರಿಲ್ಯಾಂಡ್ ರಾಜ್ಯದ ಬರ್ಲಿನ್ ಎಂಬ ಸಣ್ಣ ಊರಿನ ಬಳಿ. ಇದು ಜರ್ಮನಿಯ ಬರ್ಲಿನ್ ಅಲ್ಲ. ಚೆಸಪೀಕ್ ಕೊಲ್ಲಿಯ ಪೂರ್ವ ತೀರದ ಕೃಷಿ ಪ್ರದೇಶ. ಫ್ರೆಡರಿಕ್ ಡಗ್ಲಾಸ್, ಹ್ಯಾರಿಯೆಟ್ ಟಬ್ಮನ್ ಅವರಂಥ ಗುಲಾಮಗಿರಿ ವಿರೋಧಿ ಹೋರಾಟಗಾರರು ಹುಟ್ಟಿದ್ದೂ ಇದೇ ತೀರದಲ್ಲಿ. ಟಿಂಡ್ಲಿಯವರ ತಂದೆ ಗುಲಾಮ. ತಾಯಿ ಹೆಸ್ಟರ್ ಸ್ವತಂತ್ರ ಮಹಿಳೆ. ಮಗುವಿನ ಸ್ಥಿತಿಯನ್ನು ತಾಯಿಯ ಸ್ಥಿತಿಯಿಂದ ನಿರ್ಧರಿಸುತ್ತಿದ್ದ ಅಂದಿನ ಕಾನೂನು ಸಾಮಾನ್ಯವಾಗಿ ಗುಲಾಮರ ಸಂತತಿಯನ್ನು ಒಡೆಯನ ಆಸ್ತಿಯಾಗಿಸುವ ಹತಾರವಾಗಿತ್ತು. ಈ ಒಂದು ಮಗುವಿನ ಪಾಲಿಗೆ ಮಾತ್ರ ಅದು ರಕ್ಷಣೆಯಾಯಿತು. ಟಿಂಡ್ಲಿ ಸ್ವತಂತ್ರರಾಗಿಯೇ ಹುಟ್ಟಿದರು.

ಆದರೆ ಆ ಸ್ವಾತಂತ್ರ್ಯ ಕಾಗದದ ಮೇಲಿನದು. ನಾಲ್ಕು ವರ್ಷದವರಾಗಿದ್ದಾಗ ತಾಯಿ ತೀರಿಕೊಂಡರು. ತಾಯಿಯ ಕಡೆಯ ಚಿಕ್ಕಮ್ಮ ಮಗುವನ್ನು ತಮ್ಮ ಮನೆಗೆ ಕರೆದೊಯ್ದರು. ಸ್ವಲ್ಪ ಬೆಳೆಯುತ್ತಿದ್ದಂತೆ ತಂದೆ ಹುಡುಗನನ್ನು ಹೊಲಗದ್ದೆಗಳ ಕೆಲಸಕ್ಕೆ ಜೀತದಾಳಿನಂತೆ ಬೇರೆಯವರ ಬಳಿ ಬಿಡಬೇಕಾಯಿತು. ಹಾಗೆ ಇಟ್ಟುಕೊಂಡ ಒಡೆಯರಲ್ಲಿ ಕೆಲವರು ಅವನ ಕೈಗೆ ಪುಸ್ತಕ ಸಿಗದಂತೆ ನೋಡಿಕೊಂಡರು. ಭಾನುವಾರ ಚರ್ಚಿಗೂ ಕಳಿಸಲಿಲ್ಲ. ಗುಲಾಮರ ಮಕ್ಕಳ ನಡುವೆ, ಗುಲಾಮರ ಮಕ್ಕಳಂತೆಯೇ ದುಡಿದ ಬಾಲ್ಯ. ಮೇರಿಲ್ಯಾಂಡಿನಲ್ಲಿ ಗುಲಾಮಗಿರಿ ಕಾನೂನಿನಿಂದ ತೊಲಗಿದ್ದು 1864ರ ನವೆಂಬರಿನಲ್ಲಿ. ಆಗ ಟಿಂಡ್ಲಿಗೆ ಹದಿಮೂರು ವರ್ಷ.

ಓದು ಕಲಿತ ಬಗೆಯನ್ನು ಅವರು ಮುಂದೆ, ಬದುಕಿನ ಕೊನೆಯ ವರ್ಷಗಳಲ್ಲಿ ಪ್ರಕಟಿಸಿದ ಪ್ರಸಂಗಗಳ ಪುಸ್ತಕದಲ್ಲಿ ನೆನೆದಿದ್ದಾರೆ. ರಸ್ತೆಬದಿ ಬಿದ್ದ ವೃತ್ತಪತ್ರಿಕೆಯ ಚೂರುಗಳನ್ನು ಆರಿಸಿ ಅಂಗಿಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಪೈನ್ ಮರದ ತುಂಡುಗಳನ್ನು ಉರಿಸಿ ಅದರ ಬೆಳಕಿನಲ್ಲಿ ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದರು. ಕಲಿಸುವ ಗುರುವಿರಲಿಲ್ಲ. ಒಂದು ಭಾನುವಾರ ಹೇಗೋ ಬಿಡುವು ಮಾಡಿಕೊಂಡು, ಇದ್ದ ಒಂದೇ ಅಂಗಿಯನ್ನು ಒಗೆದು ಒಣಗಿಸಿ ತೊಟ್ಟು, ಬರಿಗಾಲಲ್ಲಿ ಚರ್ಚಿಗೆ ಹೋಗಿ ಯಾರ ಕಣ್ಣಿಗೂ ಬೀಳದಂತೆ ಕುಳಿತರು. ಬೈಬಲ್ ಓದಬಲ್ಲ ಮಕ್ಕಳು ಮುಂದೆ ಬರಬೇಕೆಂದು ಪಾದ್ರಿ ಕರೆದಾಗ ಆ ಬರಿಗಾಲಿನ ಹುಡುಗ ಎದ್ದು ಎಲ್ಲರ ಮುಂದೆ ನಡೆದ. ಸಭೆಯ ಕಣ್ಣುಗಳೆಲ್ಲ ತನ್ನ ಮಣ್ಣು ಮೆತ್ತಿದ ಪಾದಗಳ ಮೇಲೆ ಇದ್ದುದನ್ನು ಅವರು ಮುದಿವಯಸ್ಸಿನಲ್ಲೂ ಮರೆತಿರಲಿಲ್ಲ.

ಮದುವೆಯಾದ ಬಳಿಕ ಪತ್ನಿ ಡೇಸಿಯೊಡನೆ ಟಿಂಡ್ಲಿ ಫಿಲಡೆಲ್ಫಿಯಾ ಸೇರಿದರು. ಹಗಲು ಕಟ್ಟಡಗಳಲ್ಲಿ ಇಟ್ಟಿಗೆ, ಗಾರೆ ಹೊರುವ ಕೂಲಿ, ರಾತ್ರಿ ಶಾಲೆ. ಬೇನ್‌ಬ್ರಿಡ್ಜ್ ಸ್ಟ್ರೀಟಿನ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನಲ್ಲಿ ಕಸ ಗುಡಿಸುವ, ಒಲೆ ಹೊತ್ತಿಸುವ, ಬಾಗಿಲು ಕಾಯುವ ಕೆಲಸ. ಇಷ್ಟರ ನಡುವೆ ಪಾದ್ರಿಯಾಗುವ ಹಂಬಲ. ಕಾಲೇಜಿಗೆ ಹೋಗುವ ಅನುಕೂಲವಿಲ್ಲದವರು ಅಂಚೆ ಶಿಕ್ಷಣವನ್ನು ಹಿಡಿದರು. ಬಾಸ್ಟನ್ನಿನ ಧರ್ಮಶಾಸ್ತ್ರ ಶಾಲೆಯಿಂದ ಅಂಚೆಯ ಮೂಲಕ ಗ್ರೀಕ್ ಕಲಿತರು. ಹೀಬ್ರೂ ಭಾಷೆಗೆ ಫಿಲಡೆಲ್ಫಿಯಾದ ಯಹೂದಿ ಮಂದಿರದ ನೆರವು ಪಡೆದರು. ಮೈಮುರಿಯುವ ಕೂಲಿಯ ನಂತರ ಹೀಬ್ರೂ ವ್ಯಾಕರಣ ಬಿಡಿಸಿಕೊಂಡು ಕುಳಿತ ಆ ರಾತ್ರಿಗಳ ಬಗ್ಗೆ ಹೆಚ್ಚು ವಿವರಗಳನ್ನು ಅವರು ಉಳಿಸಿಲ್ಲ. ಪದವಿಯೊಂದೂ ಇಲ್ಲದೆ ಪರೀಕ್ಷೆಗೆ ಕುಳಿತು ಪಾದ್ರಿಗಳ ಸಾಲಿಗೆ ಸೇರಿದರು ಎಂಬುದಂತೂ ದಾಖಲೆಯಲ್ಲಿದೆ.

ಅವರು ಸೇರಿದ್ದು ಡೆಲವೇರ್ ಕಾನ್ಫರೆನ್ಸ್ ಎಂಬ ವಲಯವನ್ನು. ಮೆಥಡಿಸ್ಟ್ ಎಪಿಸ್ಕೋಪಲ್ ಪಂಥದೊಳಗೆ ಕಪ್ಪು ಜನರ ಸಭೆಗಳಿಗಾಗಿಯೇ ಪ್ರತ್ಯೇಕವಾಗಿ ರಚಿಸಿದ ವಲಯ ಅದು. ಒಂದೇ ಪಂಥ, ಆದರೆ ಬೇರೆ ಪಂಕ್ತಿ. ಪಂಕ್ತಿಭೇದವೆಂದರೆ ಏನೆಂದು ನಮಗೆ ವಿವರಿಸಿ ಹೇಳಬೇಕಿಲ್ಲ. ಕೋಲಾರ, ಬೀದರ್, ಬೆಳಗಾವಿಗಳಲ್ಲಿ ಆಸ್ಪತ್ರೆ, ಶಾಲೆಗಳನ್ನು ಕಟ್ಟಿದ ಅಮೆರಿಕನ್ ಮೆಥಡಿಸ್ಟರೂ ಇದೇ ಪಂಥದವರೇ.

ಕೇಪ್ ಮೇ, ವಿಲ್ಮಿಂಗ್ಟನ್ ಎಂದು ಹಲವು ಊರುಗಳ ಸಣ್ಣ ಸಭೆಗಳಲ್ಲಿ ಸೇವೆ ಸಲ್ಲಿಸಿದ ಅವರ ಬದುಕಿನಲ್ಲಿ ಬಡತನಕ್ಕೇನೂ ಕೊರತೆಯಿರಲಿಲ್ಲ. ಕೇಪ್ ಮೇಯಲ್ಲಿ ಹಿಮಪಾತದ ಒಂದು ಬೆಳಿಗ್ಗೆ ಮನೆಯಲ್ಲಿ ಒಣಗಿದ ರೊಟ್ಟಿಯ ಚೂರಿನ ಹೊರತು ಏನೂ ಇರಲಿಲ್ಲ. ಆದರೂ ಮೇಜಿನ ಮೇಲೆ ತಟ್ಟೆ ಹಾಕುವಂತೆ ಪತ್ನಿಗೆ ಹೇಳಿ ಪ್ರಾರ್ಥನೆಗೆ ಕುಳಿತರೆಂದೂ ಅಷ್ಟರಲ್ಲಿ ಹಿಮದಲ್ಲಿ ನಡೆದು ಬಂದ ಒಬ್ಬಾತ ದವಸಧಾನ್ಯ ಇಳಿಸಿ ಹೋದನೆಂದೂ ಒಂದು ಪ್ರಸಂಗವನ್ನು ಹೇಳುತ್ತಾರೆ. ಪವಾಡ ಎನ್ನುವವರು ಎನ್ನಲಿ. ಪಾದ್ರಿಯ ಮನೆಯಲ್ಲಿ ಒಲೆ ಹೊತ್ತಿಲ್ಲವೆಂಬುದು ಊರಿಗೆ ಗೊತ್ತಿತ್ತು ಎಂದರೂ ಸಾಕು.

1902ರಲ್ಲಿ ಅವರನ್ನು ಬೇನ್‌ಬ್ರಿಡ್ಜ್ ಸ್ಟ್ರೀಟಿನ ಅದೇ ಸಭೆಗೆ ಗುರುವನ್ನಾಗಿ ನೇಮಿಸಲಾಯಿತು. ತಾವೇ ಕಸಬರಿಗೆ ಹಿಡಿದ ಚರ್ಚಿನ ಬಲಿಪೀಠದ ಮುಂದೆ ಈಗ ಅವರು ಪ್ರಸಂಗಿ. ಸದಸ್ಯರ ಸಂಖ್ಯೆ ಆಗ ಸುಮಾರು 130. ನಾಲ್ಕೇ ವರ್ಷಗಳಲ್ಲಿ ಜಾಗ ಸಾಲದೆ 1906ರಲ್ಲಿ ಸಭೆ ಬ್ರಾಡ್ ಸ್ಟ್ರೀಟಿನ ದೊಡ್ಡ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಬರಬರುತ್ತ ಸದಸ್ಯರ ಸಂಖ್ಯೆ ಸಾವಿರಗಳಲ್ಲಿ ಲೆಕ್ಕ ಹಾಕುವಂತಾಯಿತು.

ಈ ಬೆಳವಣಿಗೆಗೆ ಟಿಂಡ್ಲಿಯವರ ವಾಗ್ಮಿತೆಯಷ್ಟೇ ಕಾಲವೂ ಕಾರಣ. ದಕ್ಷಿಣದ ರಾಜ್ಯಗಳ ಹತ್ತಿಯ ಹೊಲ, ಸಾಲ ಮತ್ತು ಗುಂಪುಹತ್ಯೆಗಳಿಂದ ತಪ್ಪಿಸಿಕೊಂಡು ಕಪ್ಪು ಜನ ಉತ್ತರದ ನಗರಗಳಿಗೆ ರೈಲು ಹತ್ತುತ್ತಿದ್ದರು. ಇತಿಹಾಸಕಾರರು ಮಹಾ ವಲಸೆ ಎಂದು ಕರೆಯುವ ವಿದ್ಯಮಾನವಿದು. ಫಿಲಡೆಲ್ಫಿಯಾದ ಕಪ್ಪು ಜನರ ಸಂಖ್ಯೆ 1910ರಲ್ಲಿ ಸುಮಾರು 84 ಸಾವಿರವಿದ್ದದ್ದು 1930ರ ವೇಳೆಗೆ ಸುಮಾರು 2 ಲಕ್ಷ 19 ಸಾವಿರಕ್ಕೆ ಏರಿತು. ಬೇನ್‌ಬ್ರಿಡ್ಜ್ ಸ್ಟ್ರೀಟಿನ ಪಕ್ಕದ ಏಳನೇ ವಾರ್ಡಿನಲ್ಲಿಯೇ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಮನೆಮನೆ ಅಲೆದು ಸಮೀಕ್ಷೆ ಮಾಡಿ 1899ರಲ್ಲಿ ತಮ್ಮ ಪ್ರಸಿದ್ಧ ಸಮಾಜಶಾಸ್ತ್ರ ಗ್ರಂಥವನ್ನು ಪ್ರಕಟಿಸಿದ್ದರು. ವಲಸೆ ಬಂದವರಿಗೆ ದೊರಕುತ್ತಿದ್ದುದು ಮನೆಗೆಲಸ, ಹಮಾಲಿ, ಅಡುಗೆ, ಬಟ್ಟೆ ಒಗೆಯುವ ಕೆಲಸ. ಹಳೆಯ ಕಪ್ಪು ಚರ್ಚುಗಳ ಶಿಷ್ಟ, ನಯವಾದ ಆರಾಧನೆಯಲ್ಲಿ ಈ ಹಳ್ಳಿಗರಿಗೆ ಉಸಿರುಗಟ್ಟುತ್ತಿತ್ತು. ಟಿಂಡ್ಲಿಯವರ ಸಭೆಯಲ್ಲಿ ಹಾಗಾಗಲಿಲ್ಲ. ಅಲ್ಲಿ ಚಪ್ಪಾಳೆಗೂ ಕಣ್ಣೀರಿಗೂ ಜಾಗವಿತ್ತು.

ಪ್ರಸಂಗ ಕೇಳಿಸಿ ಮನೆಗೆ ಕಳಿಸಿಬಿಡುವ ಪಾದ್ರಿ ಅವರಾಗಿರಲಿಲ್ಲ. ಹಸಿದವರಿಗೆ ಚರ್ಚಿನಲ್ಲಿ ಊಟ ಬಡಿಸುವ ವ್ಯವಸ್ಥೆ ಮಾಡಿದರು, ಸಭಿಕರು ಹಣ ಉಳಿಸಿ ಮನೆ ಮಾಡಿಕೊಳ್ಳುವಂತೆ ಒತ್ತಾಯಿಸಿದರು. ನಗರದ ಪ್ರಖ್ಯಾತ ವರ್ತಕ ಜಾನ್ ವಾನಮೇಕರ್ ಅವರೊಂದಿಗಿನ ಸ್ನೇಹ ಸಭೆಯ ಅನೇಕರಿಗೆ ಕೆಲಸ ದೊರಕಿಸಿಕೊಟ್ಟಿತು. 1915ರಲ್ಲಿ ಕಪ್ಪು ಜನರನ್ನು ಹೀನವಾಗಿ ಚಿತ್ರಿಸಿ ಕು ಕ್ಲಕ್ಸ್ ಕ್ಲಾನ್ ಎಂಬ ಹಂತಕ ಪಡೆಯನ್ನು ಕೊಂಡಾಡಿದ ದಿ ಬರ್ತ್ ಆಫ್ ಎ ನೇಷನ್ ಚಲನಚಿತ್ರ ಫಿಲಡೆಲ್ಫಿಯಾಕ್ಕೆ ಬಂದಾಗ ಅದನ್ನು ಪ್ರತಿಭಟಿಸಿದವರ ಮುಂಚೂಣಿಯಲ್ಲಿಯೂ ಟಿಂಡ್ಲಿ ಇದ್ದರು.

ಇನ್ನು ಹಾಡುಗಳ ವಿಚಾರ. ಅವರು ಶಾಸ್ತ್ರೀಯವಾಗಿ ಸಂಗೀತ ಕಲಿತವರಲ್ಲ. ಸಾಹಿತ್ಯ, ಧಾಟಿಗಳೆರಡೂ ಅವರವೇ. ಸ್ವರಲಿಪಿಗೆ ಇಳಿಸಿ ಪಕ್ಕವಾದ್ಯದ ಸ್ವರಮೇಳ ಕೂಡಿಸುತ್ತಿದ್ದವರು ಬೇರೆಯವರು. 1901ರ ಸುಮಾರಿನಿಂದ ಅವು ಅಚ್ಚಾಗತೊಡಗಿದವು. ಮೊದಲು ಸೋಲ್ ಎಕೋಸ್ ಎಂಬ ಸಂಕಲನ, 1916ರಲ್ಲಿ ನ್ಯೂ ಸಾಂಗ್ಸ್ ಆಫ್ ಪ್ಯಾರಡೈಸ್. ಅಂದಿನವರೆಗೆ ಕಪ್ಪು ಜನರ ಭಕ್ತಿಗೀತೆ ಎಂದರೆ ಗುಲಾಮಗಿರಿಯ ದಿನಗಳಲ್ಲಿ ಹೊಲಗಳಲ್ಲಿ ಹುಟ್ಟಿದ, ಕರ್ತೃ ಯಾರೆಂದು ತಿಳಿಯದ ಸ್ಪಿರಿಚುಯಲ್ ಗೀತೆಗಳು, ಇಲ್ಲವೇ ಬಿಳಿಯರ ಕೀರ್ತನೆ ಪುಸ್ತಕ. ನಗರಕ್ಕೆ ಬಂದ ಕಪ್ಪು ಬಡವನ ಬಾಡಿಗೆ, ಕಾಯಿಲೆ, ನಿರುದ್ಯೋಗಗಳನ್ನು ಕುರಿತು, ಅವನದೇ ನುಡಿಗಟ್ಟಿನಲ್ಲಿ, ಒಬ್ಬ ವ್ಯಕ್ತಿ ಬರೆದು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ ಹಾಡುಗಳ ಪರಂಪರೆಯೊಂದು ಟಿಂಡ್ಲಿಯವರಿಂದ ಶುರುವಾಗುತ್ತದೆ. ಗಾಸ್ಪೆಲ್ ಎಂದು ಜಗತ್ತು ಇಂದು ಕರೆಯುವ ಸಂಗೀತದ ಮೊದಲ ಪುಟಗಳಲ್ಲಿ ಅವರ ಹೆಸರಿರುವುದು ಇದಕ್ಕಾಗಿ.

ಅವರ ಧಾಟಿಗಳಲ್ಲಿ ಹಲವು ಐದೇ ಸ್ವರಗಳ ಸುತ್ತ ಓಡಾಡುತ್ತವೆ. ನಮ್ಮ ಮೋಹನ ರಾಗದ ಸ್ವರಗಳನ್ನು ನೆನೆದರೆ ಆ ಜಾಡು ಹಿಡಿಯಬಹುದು. ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವೆ ಹಾಡುವವರು ತಮ್ಮದೇ ಉದ್ಗಾರ, ಎಳೆತ, ಸಂಗತಿಗಳನ್ನು ಸೇರಿಸಲು ಬೇಕೆಂದೇ ಬಿಡುವು ಬಿಟ್ಟಿರುತ್ತಾರೆ. ಪಲ್ಲವಿ ಸರಳ, ಓದು ಬಾರದವರೂ ಎರಡನೇ ಸಲಕ್ಕೆ ಹಿಡಿದುಕೊಳ್ಳಬಲ್ಲಂಥದ್ದು. ಪ್ರಸಂಗದ ನಡುವೆ ಮಾತು ನಿಲ್ಲಿಸಿ ತಾವೇ ಹಾಡಿಗೆ ಜಾರುತ್ತಿದ್ದರು, ಸಭೆ ಕೈಗೂಡಿಸುತ್ತಿತ್ತು. ನಮ್ಮ ಹರಿಕಥೆ ಬಲ್ಲವರಿಗೆ ಈ ಪದ್ಧತಿ ಹೊಸದೆನಿಸದು.

ಲೀವ್ ಇಟ್ ದೇರ್ ಎಂಬ ಹಾಡಿನ ಹುಟ್ಟಿಗೊಂದು ಕಥೆಯಿದೆ. ಚಿಂತೆಗಳ ಭಾರದಿಂದ ಕುಗ್ಗಿಹೋದ ಒಬ್ಬಾತ ಪಾದ್ರಿಯ ಬಳಿ ಬಂದನಂತೆ. ಕಷ್ಟಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ದೇವರ ಬಳಿ ಒಯ್ದು ಇಳಿಸಿ, ಅಲ್ಲಿಯೇ ಬಿಟ್ಟು ಬರಬೇಕೆಂದು ಟಿಂಡ್ಲಿ ಹೇಳಿಕಳಿಸಿದರಂತೆ. ಆ ಮಾತೇ ಮುಂದೆ ಹಾಡಾಯಿತು. ಇಟ್ಟಿಗೆ ಹೊತ್ತ ಹೆಗಲಿಗೆ ಮಾತ್ರ ಹೊಳೆಯುವ ಉಪಮೆ ಇದು.

ಇಂಥ ಹಾಡುಗಳ ಮೇಲೆ ಒಂದು ಆಕ್ಷೇಪ ಹಿಂದಿನಿಂದಲೂ ಇದೆ. ಇಂದಿನ ಅನ್ಯಾಯಕ್ಕೆ ಪರಲೋಕದ ಸಮಾಧಾನ ಹೇಳಿ ಜನರನ್ನು ಸುಮ್ಮನಾಗಿಸುತ್ತವೆ ಎಂಬುದು ಅದರ ಸಾರ. ಮುಂದೆ ಎಂದೋ ಒಂದು ದಿನ ಎಂಬ ಮಾತು ಟಿಂಡ್ಲಿಯವರಲ್ಲಿ ಮತ್ತೆ ಮತ್ತೆ ಬರುವುದು ನಿಜ. ಆದರೆ ಹಾಡು ಬರೆದವರೇ ಬೀದಿಗಿಳಿದು ಚಲನಚಿತ್ರವನ್ನು ಪ್ರತಿಭಟಿಸಿದ್ದು, ಹಸಿದವರಿಗೆ ಅನ್ನ ಬಡಿಸಿದ್ದು, ಜನರಿಂದ ಮನೆ ಕೊಳ್ಳಿಸಿದ್ದು ಕಣ್ಣ ಮುಂದಿರುವಾಗ ಈ ಆಕ್ಷೇಪ ಪೂರ್ತಿ ಒಪ್ಪತಕ್ಕದ್ದಲ್ಲ. ನಾಳೆಯ ಮೇಲೆ ನಂಬಿಕೆಯಿಲ್ಲದವನು ಇಂದು ಬಾಡಿಗೆ ಮನೆಯಿಂದ ಸ್ವಂತ ಮನೆಗೆ ಹಣ ಕೂಡಿಡುವುದಿಲ್ಲ.

1920ರಲ್ಲಿ ಮೇಮಿ ಸ್ಮಿತ್ ಎಂಬ ಗಾಯಕಿಯ ಬ್ಲೂಸ್ ತಟ್ಟೆಯೊಂದು ನಿರೀಕ್ಷೆ ಮೀರಿ ಮಾರಾಟವಾದಾಗ ಕಪ್ಪು ಜನರೂ ತಟ್ಟೆ ಕೊಳ್ಳುತ್ತಾರೆ ಎಂಬುದು ಧ್ವನಿಮುದ್ರಣ ಕಂಪನಿಗಳಿಗೆ ಅರಿವಾಯಿತು. ಅವರಿಗೆಂದೇ ಬೇರೆ ತಟ್ಟೆಗಳ ಸರಣಿ ಶುರುವಾಯಿತು. ಯಂತ್ರಗಳನ್ನು ಹೊತ್ತು ದಕ್ಷಿಣದ ಊರುಗಳಿಗೆ ಹೋಗಿ ಅಲ್ಲಿನ ಗಾಯಕರನ್ನು ಮುದ್ರಿಸಿಕೊಳ್ಳುವ ಪದ್ಧತಿಯೂ ಬಂತು. 1927ರ ಡಿಸೆಂಬರಿನಲ್ಲಿ ಕೊಲಂಬಿಯಾ ಕಂಪನಿಯವರು ಟೆಕ್ಸಾಸಿನ ಡಲ್ಲಾಸ್‌ನಲ್ಲಿ ಬೀಡುಬಿಟ್ಟಿದ್ದಾಗ ವಾಷಿಂಗ್ಟನ್ ಫಿಲಿಪ್ಸ್ ಎಂಬ ಹಳ್ಳಿಯ ಬೋಧಕನೊಬ್ಬ ಬಂದು ಹಾಡಿದ. ನಮ್ಮ ಸ್ವರಮಂಡಲವನ್ನು ನೆನಪಿಸುವ, ಮೀಟಿದರೆ ಗಂಟೆಗಳಂತೆ ಕಿಣಿಕಿಣಿಸುವ ತಂತಿವಾದ್ಯ ಅವನ ಕೈಯಲ್ಲಿತ್ತು. ಹಾಡಿದ್ದರಲ್ಲಿ ಒಂದು ಟಿಂಡ್ಲಿಯವರ ಲೀವ್ ಇಟ್ ದೇರ್. ಮರುವರ್ಷ ಅವನೇ ಟಿಂಡ್ಲಿಯವರ ವಾಟ್ ಆರ್ ದೇ ಡೂಯಿಂಗ್ ಇನ್ ಹೆವನ್ ಹಾಡನ್ನೂ ಮುದ್ರಿಸಿಕೊಟ್ಟ. ಫಿಲಡೆಲ್ಫಿಯಾದ ಸಭೆಯಲ್ಲಿ ನೂರಾರು ಕಂಠಗಳಿಗಾಗಿ ಕಟ್ಟಿದ್ದ ಹಾಡು ಇಲ್ಲಿ ಒಂಟಿ ದನಿಯ ಪಿಸುಮಾತಾಗಿದೆ. ಕೇಳಿದವರ ಎದೆ ಹಿಂಡುವ ಧ್ವನಿಮುದ್ರಣಗಳಿವು. ಇಂದಿಗೂ ಅಂತರ್ಜಾಲದಲ್ಲಿ ಕೇಳಲು ದೊರೆಯುತ್ತವೆ. 1929ರ ನಂತರ ಫಿಲಿಪ್ಸ್ ಮತ್ತೆ ಧ್ವನಿಮುದ್ರಣಕ್ಕೆ ಬರಲಿಲ್ಲ.

ವಿಚಿತ್ರವೆಂದರೆ ಹಾಡಿದವನ ಗುರುತೂ ಕಳೆದುಹೋಯಿತು. ಅದೇ ಹೆಸರಿನ ಬೇರೊಬ್ಬನನ್ನು, ಆಸ್ಟಿನ್‌ನ ಮಾನಸಿಕ ಆಸ್ಪತ್ರೆಯಲ್ಲಿ 1938ರಲ್ಲಿ ತೀರಿಕೊಂಡವನನ್ನು, ಗಾಯಕನೆಂದು ದಶಕಗಳ ಕಾಲ ಬರೆಯಲಾಯಿತು. ನಿಜವಾದ ಗಾಯಕ ಟೀಗ್ ಎಂಬ ಊರಿನವನಾಗಿದ್ದು 1954ರವರೆಗೆ ಬದುಕಿದ್ದನೆಂದು ಪತ್ರಕರ್ತರೊಬ್ಬರು ಊರವರನ್ನು ಕೇಳಿ ಪತ್ತೆಹಚ್ಚಿದ್ದು ಈ ಶತಮಾನದ ಆರಂಭದಲ್ಲಿ.

ನಮ್ಮ ವಚನಕಾರರೂ ದಾಸರೂ ಈ ಅಪಾಯವನ್ನು ಮೊದಲೇ ಬಲ್ಲವರಂತೆ ಪ್ರತಿ ರಚನೆಯಲ್ಲೂ ಅಂಕಿತವಿಟ್ಟರು. ಹಾಡು ಯಾವ ಬಾಯಿಗೆ ಹೋದರೂ ಪುರಂದರ ವಿಠಲನೋ ಕೂಡಲಸಂಗಮದೇವನೋ ಜೊತೆಗೇ ಹೋಗುತ್ತಾನೆ. ಅವನ ಹಿಂದೆ ಕವಿಯೂ. ಟಿಂಡ್ಲಿಯವರ ಪರಂಪರೆಯಲ್ಲಿ ಆ ಪದ್ಧತಿಯಿರಲಿಲ್ಲ. ಅಚ್ಚಿನ ಪುಟದ ಮೂಲೆಯಲ್ಲಿದ್ದ ಹೆಸರು, ಹಾಡು ಪುಟ ಬಿಟ್ಟು ಬಾಯಿಗೆ ಬಂದೊಡನೆ ಉದುರಿಹೋಯಿತು. ಎಷ್ಟೋ ಮಂದಿ ಅವನ್ನು ಕರ್ತೃವಿಲ್ಲದ ಹಳೆಯ ಸ್ಪಿರಿಚುಯಲ್‌ಗಳೆಂದೇ ನಂಬಿದರು. ಅವರ 1905ರ ಸ್ಟ್ಯಾಂಡ್ ಬೈ ಮಿ ಹಾಡನ್ನು ಸಿಸ್ಟರ್ ರೊಸೆಟ್ಟಾ ಥಾರ್ಪ್ ಹಾಡಿದರು, ಎಲ್ವಿಸ್ ಪ್ರೀಸ್ಲಿ 1967ರ ಭಕ್ತಿಗೀತೆಗಳ ಆಲ್ಬಮ್ಮಿನಲ್ಲಿ ಹಾಡಿದರು. ಬೆನ್ ಇ. ಕಿಂಗ್ 1961ರಲ್ಲಿ ಹಾಡಿ ಜಗತ್ಪ್ರಸಿದ್ಧಗೊಳಿಸಿದ ಅದೇ ಹೆಸರಿನ ಪ್ರೇಮಗೀತೆ ಬೇರೆಯದೇ ಆದರೂ ಅದರ ಹಿಂದೆ ಚರ್ಚಿನ ಈ ಹಾಡಿನ ನೆರಳಿದೆ. ಬೆಂಗಳೂರಿನ ಪಬ್ಬುಗಳಲ್ಲಿ ಗಿಟಾರ್ ಹಿಡಿದು ಅದನ್ನು ಹಾಡುವ ಹುಡುಗರಿಗೆ ಟಿಂಡ್ಲಿ ಗೊತ್ತಿಲ್ಲದಿರುವುದು ತಪ್ಪೇನಲ್ಲ. ಅಮೆರಿಕದ ಹುಡುಗರಿಗೂ ಹೆಚ್ಚಾಗಿ ಗೊತ್ತಿಲ್ಲ.

ಗೊತ್ತಿದ್ದವರು ವೃತ್ತಿಯವರು. 1921ರಲ್ಲಿ ಕಪ್ಪು ಬ್ಯಾಪ್ಟಿಸ್ಟರ ಒಕ್ಕೂಟ ಹೊರತಂದ ಗಾಸ್ಪೆಲ್ ಪರ್ಲ್ಸ್ ಸಂಕಲನ ಮೆಥಡಿಸ್ಟ್ ಟಿಂಡ್ಲಿಯವರ ಹಾಡುಗಳನ್ನು ಸೇರಿಸಿಕೊಂಡಿತು. ಬ್ಲೂಸ್ ಪಿಯಾನೊ ನುಡಿಸುತ್ತಿದ್ದು ಮುಂದೆ ಗಾಸ್ಪೆಲ್ ಸಂಗೀತದ ಪಿತಾಮಹನೆಂದು ಹೆಸರಾದ ಥಾಮಸ್ ಎ. ಡಾರ್ಸಿ ತಮಗಿಂತ ಮೊದಲು ಈ ದಾರಿ ತುಳಿದವರು ಟಿಂಡ್ಲಿಯೆಂದು ಒಪ್ಪಿಕೊಂಡಿದ್ದಾರೆ.

1924ರಲ್ಲಿ ಬ್ರಾಡ್ ಸ್ಟ್ರೀಟಿನಲ್ಲಿ ಸುಮಾರು ಮೂರೂವರೆ ಲಕ್ಷ ಡಾಲರ್ ವೆಚ್ಚದ ಹೊಸ ಚರ್ಚ್ ಎದ್ದಿತು. ಅದಕ್ಕೆ ಟಿಂಡ್ಲಿ ಟೆಂಪಲ್ ಎಂದು ಹೆಸರಿಟ್ಟರು. ಬದುಕಿರುವವನ ಹೆಸರಿಡುವುದು ಟಿಂಡ್ಲಿಯವರಿಗೆ ಇಷ್ಟವಿರಲಿಲ್ಲ. ಸಂಭ್ರಮ ಅವರ ಪಾಲಿಗೆ ಉಳಿಯಲೂ ಇಲ್ಲ. ಇಟ್ಟಿಗೆ ಹೊರುವ ದಿನಗಳಿಂದ ಜೊತೆಗಿದ್ದ ಡೇಸಿ ಹೊಸ ಚರ್ಚಿನ ಪ್ರವೇಶದ ಹೊತ್ತಿಗೇ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಆರ್ಥಿಕ ಮಹಾಕುಸಿತ ಬಂತು, ಚರ್ಚಿನ ಊಟದ ಸಾಲು ಉದ್ದವಾಯಿತು. 1933ರ ಜುಲೈ 26ರಂದು ಟಿಂಡ್ಲಿ ಕಣ್ಣುಮುಚ್ಚಿದರು. ಅಂತಿಮ ದರ್ಶನಕ್ಕೆ ಸಾವಿರಾರು ಮಂದಿ ಸೇರಿದ್ದರು.

ಈಗ ವಿ ಶಲ್ ಓವರ್‌ಕಮ್ ಮಾತು. ಟಿಂಡ್ಲಿಯವರ ಐ ವಿಲ್ ಓವರ್‌ಕಮ್ ಸಮ್‌ಡೇ ಅಚ್ಚಾದದ್ದು 1901ರ ಸುಮಾರಿಗೆ. 1945-46ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ನಗರದಲ್ಲಿ ತಂಬಾಕು ಕಾರ್ಖಾನೆಯ ಕೆಲಸಗಾರರು, ಅವರಲ್ಲಿ ಬಹುಪಾಲು ಕಪ್ಪು ಮಹಿಳೆಯರು, ಮುಷ್ಕರ ಹೂಡಿದರು. ಕಾವಲು ನಿಂತ ಹೊತ್ತಿನಲ್ಲಿ ಲುಸಿಲ್ ಸಿಮನ್ಸ್ ಎಂಬಾಕೆ ಚರ್ಚಿನ ಹಾಡೊಂದನ್ನು ನಿಧಾನವಾಗಿ ಎಳೆದು ಹಾಡುತ್ತಿದ್ದರು. ಅಲ್ಲಿ ನಾನು ಎಂಬುದು ನಾವು ಎಂದಾಗಿತ್ತು. ಒಂದು ಸರ್ವನಾಮ ಬದಲಾದಾಗ ಒಬ್ಬ ಭಕ್ತನ ಪ್ರಾರ್ಥನೆ ಒಂದು ವರ್ಗದ ಹಕ್ಕೊತ್ತಾಯವಾಯಿತು. ಟೆನೆಸ್ಸಿಯ ಹೈಲ್ಯಾಂಡರ್ ಜಾನಪದ ಶಾಲೆಯ ಜಿಲ್ಫಿಯಾ ಹಾರ್ಟನ್ ಅದನ್ನು ಕಲಿತು ಪೀಟ್ ಸೀಗರ್‌ಗೆ ಕಲಿಸಿದರು. 1960ರಲ್ಲಿ ಗೈ ಕ್ಯಾರವಾನ್ ವಿದ್ಯಾರ್ಥಿ ಹೋರಾಟಗಾರರ ಸಭೆಯಲ್ಲಿ ಹಾಡಿದ ಮೇಲೆ ಅದು ನಾಗರಿಕ ಹಕ್ಕುಗಳ ಚಳವಳಿಯ ಹಾಡೇ ಆಯಿತು.

ಇದು ಟಿಂಡ್ಲಿಯವರ ಹಾಡೇ? ಹೌದೆಂದು ಸಲೀಸಾಗಿ ಬರೆಯುವವರು ಬಹಳ. ಆದರೆ ಟಿಂಡ್ಲಿಯವರ ಅಚ್ಚಾದ ಧಾಟಿ ಬೇರೆ, ಚಳವಳಿಯ ಧಾಟಿ ಬೇರೆ. ಅದು ಮತ್ತೊಂದು ಹಳೆಯ ಚರ್ಚಿನ ಹಾಡಿಗೆ ಹತ್ತಿರ. ಸಾಹಿತ್ಯದಲ್ಲಿ ಹೋಲುವುದು ಗೆಲ್ಲುವ ಮಾತು ಮತ್ತು ಒಂದು ದಿನ ಎಂಬ ಕಾಲಸೂಚಿ. ಬೇರೆ ಕರ್ತೃಗಳ ಹೆಸರುಗಳನ್ನು ಮುಂದಿಡುವ ವಿದ್ವಾಂಸರೂ ಇದ್ದಾರೆ. ಹಲವು ತೊರೆ ಕೂಡಿದ ಹೊಳೆಯಲ್ಲಿ ಟಿಂಡ್ಲಿಯವರದು ಒಂದು ತೊರೆ ಎನ್ನುವುದು ನ್ಯಾಯವಾದ ಮಾತು. ಸೀಗರ್ ಮತ್ತು ಸಂಗಡಿಗರ ಹೆಸರಿನಲ್ಲಿ 1960ರ ದಶಕದಲ್ಲಿ ನೋಂದಣಿಯಾಗಿದ್ದ ಹಕ್ಕುಸ್ವಾಮ್ಯದ ಮೇಲೆ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ನಡೆದು, 2018ರ ರಾಜಿಯ ನಂತರ ಹಾಡು ಸಾರ್ವಜನಿಕರ ಸ್ವತ್ತಾಯಿತು.

ಯುನೈಟೆಡ್ ಮೆಥಡಿಸ್ಟ್ ಚರ್ಚ್ 1989ರಲ್ಲಿ ಪ್ರಕಟಿಸಿದ ಅಧಿಕೃತ ಕೀರ್ತನೆ ಪುಸ್ತಕದಲ್ಲಿ ಟಿಂಡ್ಲಿಯವರ ಐದು ಹಾಡುಗಳು ಅವರ ಹೆಸರಿನೊಂದಿಗೇ ಇವೆ. ಬ್ರಾಡ್ ಸ್ಟ್ರೀಟಿನ ಕಟ್ಟಡ ಇಂದಿಗೂ ನಿಂತಿದೆ. ಫಿಲಡೆಲ್ಫಿಯಾದ ಹೊರವಲಯದ ಕಾಲಿಂಗ್‌ಡೇಲ್‌ನಲ್ಲಿರುವ ಈಡನ್ ಸ್ಮಶಾನದಲ್ಲಿ ಅವರನ್ನು ಸಮಾಧಿ ಮಾಡಿದ ಜಾಗಕ್ಕೆ ಮಾತ್ರ ಸುಮಾರು ಎಪ್ಪತ್ತು ವರ್ಷ ಗುರುತಿನ ಕಲ್ಲಿರಲಿಲ್ಲ. ಹೆಸರು ಕೆತ್ತಿದ ಕಲ್ಲು ಅಲ್ಲಿ ನಿಂತದ್ದು 2002ರಲ್ಲಿ.